ಮುರಿಯಲೆಂದೇ ಮಾಡಿದ ಬಾಗಿಲು: ಒಂದು ಹಾರರ್ ಚಿತ್ರದ ಸೆಟ್ ಕೆಲಸದ ಟಿಪ್ಪಣಿ

ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಹಳೆಯ ತೊಟ್ಟಿಮನೆಯೊಂದರಲ್ಲಿ ಗೆಳೆಯರು ಕೈಯಿಂದ ಹಣ ಹಾಕಿಕೊಂಡು ಚಿತ್ರೀಕರಿಸಿದ ಹಾರರ್ ಚಿತ್ರಕ್ಕೆ ಸೆಟ್ ಮತ್ತು ಸಾಮಗ್ರಿಗಳ ಹೊಣೆ ನನ್ನದಾಗಿತ್ತು. ಚಿತ್ರದಲ್ಲಿ ದೆವ್ವವಿಲ್ಲ. ಗಂಡ, ಹೆಂಡತಿ, ಎಂಟು ವರ್ಷದ ಮಗಳು ಮತ್ತು ಒಂದು ಕೋಣೆಯ ಬಾಗಿಲು, ಇಷ್ಟರಲ್ಲೇ ಕಥೆ ನಡೆಯುತ್ತದೆ. ಹೊಡೆತವನ್ನು ತೆರೆಯ ಮೇಲೆ ಎಲ್ಲಿಯೂ ತೋರಿಸಬಾರದೆಂದು ನಿರ್ದೇಶಕರು ಬರವಣಿಗೆಯ ಹಂತದಲ್ಲೇ ತೀರ್ಮಾನಿಸಿದ್ದರು. ರಾತ್ರಿಯ ದೃಶ್ಯಗಳಲ್ಲಿ ಕ್ಯಾಮೆರಾ ತಾಯಿ ಮಗಳ ಜೊತೆ ಕೋಣೆಯ ಒಳಗೇ ಇರುತ್ತದೆ. ಗಂಡ ಹೊರಗಿನಿಂದ ಬಾಗಿಲು ಬಡಿಯುತ್ತಾನೆ, ಒದೆಯುತ್ತಾನೆ, ಮುರಿಯುತ್ತಾನೆ. ಬೆಳಗಾದ ಮೇಲೆ, ತೋಟದ ಆಳುಗಳೋ ನೆಂಟರೋ ಅಂಗಳಕ್ಕೆ ಬರುವ ಮೊದಲು, ಅದೇ ಬಾಗಿಲನ್ನು ಅವನೇ ಕುಳಿತು ರಿಪೇರಿ ಮಾಡುತ್ತಾನೆ. ಹೀಗಾಗಿ ಆ ಮನೆಯಲ್ಲಿ ಏನು ನಡೆದಿದೆ ಎಂಬುದರ ಲೆಕ್ಕವೆಲ್ಲ ಬಾಗಿಲಿನ ಮೇಲಿನ ರಿಪೇರಿಗಳಲ್ಲೇ ಉಳಿಯುತ್ತದೆ.

ಚಿತ್ರಕಥೆಯನ್ನು ಓದಿದಾಗ ನನಗೆ ತೋಚಿದ ಒಂದು ಸಂಗತಿಯನ್ನು ನಿರ್ದೇಶಕರೂ ಒಪ್ಪಿಕೊಂಡರು: ಆ ಗಂಡನ ರಿಪೇರಿ ಕೆಲಸ ಒಂದಕ್ಕಿಂತ ಒಂದು ಚೊಕ್ಕವಾಗುತ್ತ ಹೋಗಬೇಕು. ಮೊದಲ ಸಲ ಅವನು ಬಾಗಿದ ಮೊಳೆಗಳಲ್ಲಿ ಎಣ್ಣೆ ಡಬ್ಬದ ತಗಡೊಂದನ್ನು ಬಡಿದು ಸೀಳನ್ನು ಮುಚ್ಚುತ್ತಾನೆ. ಎರಡನೆಯ ಸಲ, ಕಿತ್ತುಬಂದ ಚಿಲಕವನ್ನು ನಾಲ್ಕು ಇಂಚು ಮೇಲಕ್ಕೆ ಕೂರಿಸಿ, ಹಳೆಯ ಸ್ಕ್ರೂ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಬಣ್ಣ ಬಳಿಯುತ್ತಾನೆ. ಮೂರನೆಯ ಸಲಕ್ಕೆ ಇಡೀ ಹಲಗೆಯನ್ನೇ ಬದಲಾಯಿಸಿ, ಹಳೆಯದರ ಬಣ್ಣಕ್ಕೆ ಹೊಂದಿಸಿ, ಹೊರಗಿನವರಿಗೆ ಗೊತ್ತೇ ಆಗದಂತೆ ಮಾಡುವಷ್ಟು ನುರಿತಿರುತ್ತಾನೆ. ತಗಡು ಬಡಿದ ಬಾಗಿಲನ್ನು ನೋಡಿದವರಿಗೆ ಅವನಿಗೆ ಸ್ವಲ್ಪವಾದರೂ ನಾಚಿಕೆಯಾಗಿದೆ ಎನ್ನಿಸಬಹುದು. ಬಣ್ಣ ಹೊಂದಿಸಿದ ಹಲಗೆಯಲ್ಲಿ ಅದಕ್ಕೆ ಎಡೆಯೇ ಇಲ್ಲ. ನನ್ನ ಮಟ್ಟಿಗೆ ಚಿತ್ರದ ಭಯವಿರುವುದು ಆ ಅಚ್ಚುಕಟ್ಟುತನದಲ್ಲಿ. ಸೆಟ್ಟಿನ ಪ್ರತಿಯೊಂದು ಕೆಲಸವನ್ನೂ ಈ ಒಂದು ಅಂಶಕ್ಕೆ ಒಗ್ಗಿಸಲು ನೋಡಿದೆವು.

ತಂಡದಲ್ಲಿ ಕೆಲವರಿಗೆ ಮನೆಯನ್ನು ಭೂತಬಂಗಲೆಯಂತೆ ಮಾಡುವ ಆಸೆಯಿತ್ತು: ಜೇಡರ ಬಲೆ, ಹೊಗೆ, ತಾನಾಗಿ ತೂಗಾಡುವ ದೀಪ. ನಾನು ಅದಕ್ಕೆ ಒಪ್ಪಲಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ, ಮದುವೆಯಾಗಿರುವ ಅಥವಾ ಆಗಿದ್ದ ಮಹಿಳೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಇಂಥ ಮನೆಗಳಲ್ಲಿ ಜೇಡರ ಬಲೆ ಇರುವುದಿಲ್ಲ. ನಡುಮನೆ ಗುಡಿಸಿರುತ್ತದೆ, ಹೊಸಿಲಿಗೆ ರಂಗೋಲಿ ಬಿದ್ದಿರುತ್ತದೆ, ಬಂದವರಿಗೆ ಕಾಫಿ ಸಿಗುತ್ತದೆ. ಆದ್ದರಿಂದ ಸೆಟ್ಟಿನಲ್ಲಿ ಯಾವ ವಸ್ತುವೂ ತಾನಾಗಿ ಅಲ್ಲಾಡಕೂಡದು, ಅಲ್ಲಾಡಿದರೆ ಅದರ ಹಿಂದೆ ಒಬ್ಬ ಮನುಷ್ಯನ ಕೈ ಇರಲೇಬೇಕು ಎಂಬ ನಿಯಮವನ್ನು ಹಾಕಿಕೊಂಡೆವು.

ಮನೆಯ ಮಾಲೀಕರು ಮನೆಯನ್ನು ಸಂತೋಷದಿಂದಲೇ ಬಿಟ್ಟುಕೊಟ್ಟರೂ ಹಳೆಯ ಹಲಸಿನ ಬಾಗಿಲುಗಳಿಗೆ ಒಂದು ಮೊಳೆಯನ್ನೂ ಹೊಡೆಯಕೂಡದೆಂದು ಹೇಳಿದ್ದರು. ಆ ಕದಗಳು ಈಗಿನಂತೆ ಕೀಲಿನ ಮೇಲೆ ನಿಂತವಲ್ಲ, ಮೇಲೆ ಕೆಳಗೆ ತಿರುಗಣಿಯ ಮೇಲೆ ತಿರುಗುವಂಥವು. ಅವುಗಳನ್ನು ಗೋಡೆಯ ಕಡೆಗೆ ಪೂರ್ತಿ ತೆರೆದು ಬಟ್ಟೆ ಸುತ್ತಿಟ್ಟು, ಹಳೆಯ ಚೌಕಟ್ಟಿನೊಳಗೆ ನಮ್ಮದೇ ಒಂದು ಚೌಕಟ್ಟನ್ನು ಕೂರಿಸಿದೆವು. ಮೊಳೆಯಿಲ್ಲದೆ ಅದನ್ನು ಬಿಗಿಯಾಗಿ ನಿಲ್ಲಿಸಲು ಎರಡು ಬದಿಗೂ ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿ ಕೊಟ್ಟು ಮರದ ಬೆಣೆಗಳನ್ನು ಹೊಡೆದೆವು. ಒದೆತದ ಭಾರವನ್ನು ಬೆಣೆಗಳಷ್ಟೇ ತಾಳಲಾರವು. ಆದ್ದರಿಂದ ಕೋಣೆಯ ಒಳಗೆ, ಕ್ಯಾಮೆರಾಕ್ಕೆ ಕಾಣದ ಪಕ್ಕಗಳಲ್ಲಿ, ಚೌಕಟ್ಟಿನಿಂದ ನೆಲಕ್ಕೆ ಎರಡು ಓರೆ ಆನಿಕೆಗಳನ್ನು ಕೊಟ್ಟು ಅವುಗಳ ಬುಡದಲ್ಲಿ ಮರಳಿನ ಚೀಲಗಳನ್ನು ಹೇರಿದೆವು.

ಬಾಗಿಲು ಮಾಡಿಕೊಟ್ಟವರು ಆ ಭಾಗದ ಹಿರಿಯ ಆಚಾರ್ರು. ನಾನು ನಕ್ಷೆ ತೋರಿಸಿ ವಿವರಿಸಿದಾಗ ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಮುರಿಯಕ್ಕೇ ಅಂತ ಬಾಗ್ಲು ಮಾಡ್ಸೋರ್ನ ಇವತ್ತೇ ನೋಡಿದ್ದು ಸಾರ್" ಎಂದರು. ನನ್ನ ನಕ್ಷೆಯಲ್ಲಿ ಒದೆತಕ್ಕೆ ಕದದ ಚಿಲಕವೇ ಎರಡು ತುಂಡಾಗುತ್ತಿತ್ತು. ಅವರು ಪೆನ್ಸಿಲಿನಿಂದ ಅದನ್ನು ಹೊಡೆದುಹಾಕಿ, ಚೌಕಟ್ಟಿನ ಮೇಲೆ, ಚಿಲಕದ ಕೊಂಡಿ ಕೂರುವ ಜಾಗದಲ್ಲಿ, ಒಂದು ಉದ್ದನೆಯ ಗೆರೆ ಎಳೆದರು. "ಒದ್ದ ಬಾಗ್ಲು ಚಿಲಕದ ಹತ್ರ ಬಿಡಲ್ಲ. ಕೊಂಡಿ ಹಿಡ್ಕೊಂಡಿರೋ ಮರ ಸೀಳ್ಕೊಂಡು ಬರುತ್ತೆ. ಗಾಳಿಗೆ ಬಡ್ಕೊಂಡಿದ್ದಾದ್ರೆ ಹಂಗೆ ಸೀಳಲ್ಲ. ನಾವು ಕೇಳಕ್ಕೋಗಲ್ಲ, ಅವರು ಗಾಳಿ ಅಂತಾರೆ, ನಾವೂ ಗಾಳಿ ಅಂತೀವಿ" ಎಂದು ಹೇಳಿ, ಮುಂದಿನ ಅಳತೆ ಕೇಳಿದರು. ನಿರ್ದೇಶಕರು ಆ ಮಾತನ್ನು ಅವರ ಒಪ್ಪಿಗೆ ಪಡೆದು ಚಿತ್ರಕ್ಕೆ ಸೇರಿಸಿಕೊಂಡರು. ನಾನು ನನ್ನ ನಕ್ಷೆಯನ್ನು ಅವರ ಗೆರೆಗೆ ತಕ್ಕಂತೆ ಬದಲಿಸಿದೆ.

ಕದವು ಐದೂವರೆ ಅಡಿ ಎತ್ತರ, ಎರಡೂವರೆ ಅಡಿ ಅಗಲ. ನಾಲ್ಕು ನೀಟ ಹಲಗೆಗಳು, ಅವುಗಳನ್ನು ಹಿಡಿದಿಡುವ ಮೂರು ಅಡ್ಡಪಟ್ಟಿಗಳು. ಚಿತ್ರೀಕರಣ ಕಥೆಯ ಅನುಕ್ರಮದಲ್ಲಿ ನಡೆಯುವುದಿಲ್ಲ, ಅದರಲ್ಲೂ ಮಲೆನಾಡಿನ ಮಳೆಗಾಲದಲ್ಲಿ ಯಾವ ದಿನ ಯಾವ ದೃಶ್ಯ ಎನ್ನುವುದನ್ನು ಆಕಾಶವೇ ನಿರ್ಧರಿಸುತ್ತದೆ. ಬೆಳಿಗ್ಗೆ ಮೂರನೆಯ ರಿಪೇರಿಯ ಬಾಗಿಲು ಬೇಕಾದರೆ ಮಧ್ಯಾಹ್ನ ಇನ್ನೂ ಮುರಿಯದ ಬಾಗಿಲು ಬೇಕಾಗಬಹುದು. ಹಾಗಾಗಿ ಚಿಲಕದ ಪಕ್ಕದ ಎರಡು ಹಲಗೆಗಳನ್ನು ಬದಲಾಯಿಸಲು ಬರುವಂತೆ ಮಾಡಿದೆವು. ಅವುಗಳನ್ನು ಅಡ್ಡಪಟ್ಟಿಗೆ ಹಿಡಿದಿಡುವ ಬೋಲ್ಟುಗಳ ನಟ್ಟುಗಳು ಹೊರಬದಿಯಲ್ಲಿದ್ದವು. ಒಳಬದಿಯಲ್ಲಿ ಬೋಲ್ಟಿನ ತಲೆಗಳನ್ನು ಮರದೊಳಕ್ಕೆ ಇಳಿಸಿ, ಮೇಲೆ ಹಳೆಯ ಕಬ್ಬಿಣದ ಮೊಳೆಗಳ ಅಗಲ ತಲೆಗಳನ್ನಷ್ಟೇ ಅಂಟಿಸಿದ್ದರಿಂದ ಕ್ಯಾಮೆರಾಕ್ಕೆ ಹಳೆಯ ಕೆಲಸದಂತೆಯೇ ಕಂಡಿತು. ಚೌಕಟ್ಟಿನಲ್ಲಿ ಕೊಂಡಿ ಕೂರುವ ಒಂದೂವರೆ ಅಡಿಯ ತುಂಡೂ ಹೀಗೆಯೇ ಕಳಚಿ ಕೂರಿಸುವಂಥದ್ದು. ಪ್ರತಿ ಹಲಗೆಯ ಹಿಂದೆ, ಅದು ಎಷ್ಟನೆಯ ರಿಪೇರಿಯ ಬಾಗಿಲಿನದು ಎಂದು ತಿಳಿಯುವಂತೆ, ಸೀಮೆಸುಣ್ಣದಲ್ಲಿ ಅವಸ್ಥೆಯ ಸಂಖ್ಯೆ ಬರೆದು, ಬದಲಾಯಿಸಿದಾಗಲೆಲ್ಲ ಒಂದೇ ಜಾಗದಿಂದ ಫೋಟೊ ತೆಗೆದಿಟ್ಟುಕೊಂಡೆವು.

ಮುರಿಯುವ ಹಲಗೆಗಳಿಗೆ ಸಿಲ್ವರ್ ಓಕ್ ಬಳಸಿದೆವು. ಕಾಫಿ ತೋಟದಲ್ಲಿ ನೆರಳಿಗೆಂದು ಬೆಳೆಸುವ ಈ ಮರ ಇಲ್ಲಿ ಸುಲಭವಾಗಿ ಸಿಗುತ್ತದೆ, ಹಗುರ, ಬೆಲೆಯೂ ಕಡಿಮೆ. ಪೆಟ್ಟಿಗೆಗೆ, ಪ್ಲೈವುಡ್ಡಿಗೆ ಹೋಗುವ ಮರವಾದ್ದರಿಂದ ಮುರಿಯುವುದಕ್ಕೆ ಯಾರಿಗೂ ಹೊಟ್ಟೆ ಉರಿಯುವುದಿಲ್ಲ. ಅರ್ಧ ಇಂಚಿನ ಹಲಗೆಗೆ ಹೊರಬದಿಯಿಂದ, ಅಂದರೆ ಕ್ಯಾಮೆರಾಕ್ಕೆ ಕಾಣದ ಬದಿಯಿಂದ, ಸಣ್ಣ ಗರಗಸದಲ್ಲಿ ಅಂಕುಡೊಂಕಾಗಿ ಗೀರು ಹಾಕಿ, ಒಳಮೈಯಲ್ಲಿ ಮೂರು ಮಿಲಿಮೀಟರಿನಷ್ಟು ಮರ ಮಾತ್ರ ಉಳಿಸಿದೆವು. ಗೀರು ನೇರವಾಗಿದ್ದರೆ ಹಲಗೆ ಬಿಸ್ಕತ್ತಿನ ಹಾಗೆ ಸಪಾಟಾಗಿ ಮುರಿದು ಮೋಸ ಬಯಲಾಗುತ್ತದೆ; ನಾರಿನ ದಿಕ್ಕಿನಲ್ಲಿ ಉದ್ದಕ್ಕೆ, ನಡುನಡುವೆ ಮಾತ್ರ ಅಡ್ಡಕ್ಕೆ ಹಾಕಿದರೆ ಚೂಪು ಸಿಗುರುಗಳೆದ್ದು ನಿಜವಾದ ಮುರಿತದಂತೆ ಕಾಣುತ್ತದೆ. ಗೀರಿನೊಳಗೆ ಮರದ ಹೊಟ್ಟನ್ನು ಮೇಣದಲ್ಲಿ ಕಲಸಿ ತುಂಬಿದ್ದರಿಂದ ಹೊರಗಿನ ದೀಪದ ಬೆಳಕು ಸಂದಿಯಲ್ಲಿ ಸೋರಲಿಲ್ಲ.

ಹೊಸ ಸಿಲ್ವರ್ ಓಕಿನ ತಿಳಿ ಗುಲಾಬಿ ಬಣ್ಣವನ್ನು ಹೊಗೆ ಹಿಡಿದ ಹಲಸಿನ ಬಣ್ಣಕ್ಕೆ ತರುವುದು ಬೇರೆಯದೇ ಕೆಲಸ. ಅಂಗಡಿಯ ವುಡ್ ಸ್ಟೇನ್ ಹಚ್ಚಿದರೆ ಮರದ ಮೇಲೆ ಬಣ್ಣ ಕೂತಂತೆ ಕಾಣುತ್ತದೆಯೇ ಹೊರತು ಮರವೇ ಹಳೆಯದಾದಂತೆ ಕಾಣುವುದಿಲ್ಲ. ಹಿಂದೆ ಮಸಿ ಮಾಡುತ್ತಿದ್ದ ಕ್ರಮವನ್ನೇ ಇಲ್ಲಿ ಹಿಡಿದೆವು. ಅಳಲೆಕಾಯಿಯನ್ನು ಜಜ್ಜಿ ಕುದಿಸಿದ ಕಷಾಯವನ್ನು ಮೊದಲು ಹಲಗೆಗೆ ಬಳಿದು ಒಣಗಿಸಿ, ಅದರ ಮೇಲೆ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ನೆನೆಹಾಕಿದ ನೀರನ್ನು ಬಳಿಯಬೇಕು. ಅಳಲೆಯ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಮರದ ನಾರಿನೊಳಗೇ ಬೂದುಗಪ್ಪು ಹುಟ್ಟುತ್ತದೆ. ಕಬ್ಬಿಣದ ನೀರನ್ನು ತೆಳ್ಳಗೆ ಮಾಡಿ ಹಚ್ಚಿದರೆ ಕಂದು, ದಪ್ಪವಾದರೆ ಕಪ್ಪು. ಎರಡರ ನಡುವೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ತುಂಡು ಹಲಗೆಗಳ ಮೇಲೆ ನೋಡಿಕೊಳ್ಳಬೇಕು, ಒದ್ದೆಯಿದ್ದಾಗ ಕಂಡ ಬಣ್ಣ ಒಣಗಿದ ಮೇಲೆ ಇರುವುದಿಲ್ಲ. ಚಿಲಕದ ಸುತ್ತ, ಕೈ ತಾಗುವ ಎತ್ತರದಲ್ಲಿ, ಹರಳೆಣ್ಣೆಗೆ ದೀಪದ ಕಪ್ಪು ಸೇರಿಸಿ ಬಟ್ಟೆಯಲ್ಲಿ ಉಜ್ಜಿದೆವು. ಮಗಳ ಕೈ ಎತ್ತರದಲ್ಲಿಯೂ ಇನ್ನೊಂದು ಜಿಡ್ಡಿನ ಗುರುತು ಮಾಡಿದ್ದೇವೆ. ಆ ಬಾಗಿಲನ್ನು ಒಳಗಿನಿಂದ ಒತ್ತಿ ಹಿಡಿದವರಲ್ಲಿ ಅವಳೂ ಒಬ್ಬಳು.

ಮೂರನೆಯ ರಿಪೇರಿಯ ಹಲಗೆಗೆ ಬಣ್ಣ ಹೊಂದಿಸುವಾಗ ನಾನು ಬೇಕೆಂದೇ ಶೇಕಡಾ ನೂರು ಹೊಂದಿಸಲಿಲ್ಲ. ಹಗಲಿನ ಬೆಳಕಿನಲ್ಲಿ ಅದು ಉಳಿದವುಗಳಲ್ಲಿ ಬೆರೆತುಹೋಗುತ್ತದೆ, ಆದರೆ ಪಕ್ಕದಿಂದ ದೀಪ ಹಿಡಿದಾಗ ಹರಳೆಣ್ಣೆಯಿಲ್ಲದ ಹೊಸ ಮೈ ಹೊಳಪಿಲ್ಲದೆ ನಿಲ್ಲುತ್ತದೆ. ನೆಂಟರು ಬರುವುದು ಹಗಲಿನಲ್ಲಿ, ತಾಯಿ ಮಗಳು ಆ ಬಾಗಿಲನ್ನು ನೋಡುವುದು ದೀಪದಲ್ಲಿ.

ಕೊನೆಯ ಅವಸ್ಥೆ ಚಿತ್ರಕಥೆಯ ಮೊದಲ ಕರಡಿನಲ್ಲಿ ಇರಲೇ ಇಲ್ಲ. ಅಲ್ಲಿ ತಾಯಿ ಮಗಳನ್ನು ಕರೆದುಕೊಂಡು ಬೆಳಗಿನ ಬಸ್ಸು ಹತ್ತುತ್ತಿದ್ದಳು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆಯ 17ನೆಯ ಕಲಂ ಹೆಣ್ಣಿಗೆ ಆ ಮನೆಯಲ್ಲೇ ವಾಸಿಸುವ ಹಕ್ಕನ್ನು ಕೊಡುತ್ತದೆ, 19ನೆಯ ಕಲಂ ಪ್ರಕಾರ ಹಿಂಸೆ ಮಾಡಿದವನನ್ನೇ ಮನೆಯಿಂದ ಹೊರಹೋಗುವಂತೆ ಮ್ಯಾಜಿಸ್ಟ್ರೇಟರು ಆದೇಶಿಸಬಹುದು. ಇದನ್ನು ಓದಿದ ಮೇಲೆ ನಿರ್ದೇಶಕರು ಮುಕ್ತಾಯವನ್ನು ಬದಲಾಯಿಸಿದರು. ಈಗ ಬಸ್ಸು ಹತ್ತುವವನು ಗಂಡ, ಹೊಸ ಚಿಲಕ ಕೂರಿಸುವವಳು ಹೆಂಡತಿ. ನಟಿಗೆ ಕೈಯಲ್ಲಿ ತಿರುಗಿಸುವ ಡ್ರಿಲ್ ಕೊಟ್ಟು ಮೊದಲೇ ಅಭ್ಯಾಸ ಮಾಡಿಸಿದೆವು. ಅವಳು ಹಳೆಯ ತೂತುಗಳನ್ನು ಮುಚ್ಚುವುದಿಲ್ಲ, ಬಣ್ಣ ಬಳಿಯುವುದಿಲ್ಲ, ಸ್ಕ್ರೂಗಳಲ್ಲಿ ಒಂದು ಸೊಟ್ಟಗೇ ಕೂತಿದೆ. ಆ ಸೊಟ್ಟ ಸ್ಕ್ರೂ ನಟಿಯ ಕೈಯಿಂದ ಆದದ್ದು, ಅದನ್ನು ಹಾಗೆಯೇ ಬಿಟ್ಟೆವು.

ಮುರಿಯುವ ದೃಶ್ಯದಲ್ಲಿ ಸಿಗುರುಗಳು ಒಳಕ್ಕೆ, ಅಂದರೆ ಕ್ಯಾಮೆರಾದತ್ತ ಹಾರುತ್ತವೆ. ಕ್ಯಾಮೆರಾದ ಮುಂದೆ ಪಾಲಿಕಾರ್ಬನೇಟ್ ಹಾಳೆ ನಿಲ್ಲಿಸಿ, ಛಾಯಾಗ್ರಾಹಕರಿಗೆ ಕನ್ನಡಕ ಹಾಕಿಸಿ, ಒಳಗೆ ಬೇರೆ ಯಾರೂ ಇಲ್ಲದಂತೆ ನೋಡಿಕೊಂಡೆವು. ಮಗುವಿನ ಪಾತ್ರ ಮಾಡಿದ ಹುಡುಗಿ ಬಾಗಿಲು ಮುರಿಯುವುದನ್ನು ನೋಡಿಯೇ ಇಲ್ಲ. ಅವಳ ದೃಶ್ಯಗಳನ್ನೆಲ್ಲ ಹಗಲಿನಲ್ಲೇ, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಗಟ್ಟಿ ಬಾಗಿಲಿನ ಮುಂದೆ ತೆಗೆದೆವು. ಹೊರಗಿನಿಂದ ಅವಳ ತಾಯಿಯೇ ಬೆರಳಿನ ಗೆಣ್ಣಿನಲ್ಲಿ ಬಾಗಿಲು ತಟ್ಟುತ್ತ ಲೆಕ್ಕ ಹೇಳುತ್ತಿದ್ದರು, ಹುಡುಗಿ ಆ ಲೆಕ್ಕಕ್ಕೆ ತಕ್ಕಂತೆ ತಿರುಗುತ್ತಿದ್ದಳು. ಭಯವೆಲ್ಲ ಆಮೇಲೆ ಸಂಕಲನದಲ್ಲಿ ಸೇರಿದ್ದು. ಬಾಲಕಾರ್ಮಿಕ ಕಾಯ್ದೆಯ 2017ರ ತಿದ್ದುಪಡಿ ನಿಯಮಗಳ ಪ್ರಕಾರ ಮಗುವನ್ನು ಚಿತ್ರೀಕರಣದಲ್ಲಿ ಬಳಸಲು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಬೇಕು, ದಿನಕ್ಕೆ ಐದು ಗಂಟೆ ಮೀರಬಾರದು, ವಿರಾಮವಿಲ್ಲದೆ ಮೂರು ಗಂಟೆ ದಾಟಬಾರದು, ಸಂಭಾವನೆಯಲ್ಲಿ ಕನಿಷ್ಠ ಶೇ 20 ಅವಳ ಹೆಸರಿನ ಠೇವಣಿಗೆ ಹೋಗಬೇಕು. ಹಣವಿಲ್ಲದ ಚಿತ್ರಗಳವರು ಇದನ್ನೊಂದು ತೊಡಕೆಂದು ಗೊಣಗುವುದುಂಟು. ಮನೆಯೊಳಗೆ ಮಗುವಿಗಾಗುವ ಭಯದ ಬಗ್ಗೆ ಚಿತ್ರ ಮಾಡುತ್ತ ಸೆಟ್ಟಿನಲ್ಲಿ ಇನ್ನೊಂದು ಮಗುವನ್ನು ಹೆದರಿಸಿ ಅಳಿಸುವುದಾದರೆ ಅಂಥ ಚಿತ್ರ ನಮಗೆ ಬೇಡವೇ ಬೇಡ.

ಬೆಳಕಿನ ವಿಷಯದಲ್ಲಿ ಮನೆಯೇ ದಾರಿ ತೋರಿಸಿತು. ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದಗಳ ನೆರಳು ಬಂದು ನಿಲ್ಲಬೇಕೆಂದು ಚಿತ್ರಕಥೆಯಲ್ಲಿತ್ತು. ಆದರೆ ಹಳೆಯ ಮನೆಗಳ ಹೊಸಿಲು ನೆಲದಿಂದ ಗೇಣಷ್ಟು ಎತ್ತರವಿರುತ್ತದೆ, ಕದ ಅದಕ್ಕೇ ಆನಿಕೊಂಡು ಮುಚ್ಚುತ್ತದೆ, ಕೆಳಗೆ ಸಂದಿಯೇ ಇರುವುದಿಲ್ಲ. ಅದನ್ನು ಬಿಟ್ಟು ಎರಡನೆಯ ಮತ್ತು ಮೂರನೆಯ ಹಲಗೆಗಳ ನಡುವೆ ಕಡ್ಡಿ ಗಾತ್ರದ ಸೀಳು ಉಳಿಸಿದೆವು. ನಡುಮನೆಯ ದೀಪ ಆ ಸೀಳಿನಲ್ಲಿ ನೀಟ ಗೆರೆಯಾಗಿ ಕಾಣುತ್ತದೆ; ಅವನು ಬಂದು ನಿಂತಾಗ ಗೆರೆ ಮೇಲಿನಿಂದ ಕೆಳಗಿನವರೆಗೆ ಆರುತ್ತದೆ. ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲ, ಜನರೇಟರಿನ ಸದ್ದು ಧ್ವನಿಗೆ ಅಡ್ಡ. ಹಾಗಾಗಿ 12 ವೋಲ್ಟಿನ ಬ್ಯಾಟರಿಯಲ್ಲಿ ಎಲ್‌ಇಡಿ ಪಟ್ಟಿ ಉರಿಸಿದೆವು. ಅಗ್ಗದ ಡಿಮ್ಮರ್ ಹಾಕಿದರೆ ಎಲ್‌ಇಡಿ ಕಣ್ಣಿಗೆ ಕಾಣದ ವೇಗದಲ್ಲಿ ಆರಿ ಹತ್ತಿ ಮಾಡುತ್ತದೆ, ಅದು ಕ್ಯಾಮೆರಾದಲ್ಲಿ ಪಟ್ಟೆಗಳಾಗಿ ಬೀಳುತ್ತದೆ; ಅದರ ಬದಲು ಹಳೆಯ ಪಂಚೆಯ ಮಡಿಕೆಗಳನ್ನು ಹೆಚ್ಚು ಕಡಿಮೆ ಮಾಡಿ ಬೆಳಕು ತಗ್ಗಿಸಿದೆವು. ಮನೆಯ ಬಲ್ಬುಗಳು ಕಾಣುವ ದೃಶ್ಯಗಳಲ್ಲಿ ಸೆಕೆಂಡಿಗೆ 24 ಫ್ರೇಮಿದ್ದರೂ ಶಟರನ್ನು 1/50 ಸೆಕೆಂಡಿಗೇ ಇಟ್ಟೆವು; ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ, ಇಲ್ಲದಿದ್ದರೆ ಬಲ್ಬಿನ ಬೆಳಕು ಮಿನುಗಿದಂತೆ ಕಾಣಬಹುದು.

ಗೋಡೆ ಬೀರುವಿನ ಗಾಜೊಂದು ಒಡೆಯಬೇಕಿತ್ತು. ಸಕ್ಕರೆ ಏಳು ಪಾಲು, ನೀರು ನಾಲ್ಕು ಪಾಲು, ಲಿಕ್ವಿಡ್ ಗ್ಲೂಕೋಸ್ ಎರಡು ಪಾಲು ಸೇರಿಸಿ 150 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಎಣ್ಣೆ ಸವರಿದ ತಟ್ಟೆಗೆ ಸುರಿದರೆ ಗಾಜಿನಂತೆ ಒಡೆಯುವ ಹಾಳೆ ಸಿಗುತ್ತದೆ. ಎಳೆಪಾಕಗಳನ್ನೆಲ್ಲ ದಾಟಿ, ತೊಟ್ಟು ನೀರಿಗೆ ಬಿದ್ದರೆ ಕಲ್ಲಾಗಿ ಟಕ್ಕೆಂದು ಮುರಿಯುವ ಹದ ಅದು. ಆದರೆ ಆಷಾಢದ ಮಲೆನಾಡಿನಲ್ಲಿ ಸಕ್ಕರೆ ಗಾಳಿಯ ತೇವ ಹೀರಿ ಬೇಗನೆ ಅಂಟಂಟಾಗಿ ಮಂಕಾಗುತ್ತದೆ. ಕೇಕ್ ಅಲಂಕಾರಕ್ಕೆ ಬಳಸುವ ಐಸೊಮಾಲ್ಟ್ ತೇವ ಹೀರುವುದು ಕಡಿಮೆ. ಅದನ್ನು ಕರಗಿಸಿ ಹಾಳೆ ಮಾಡಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ದೃಶ್ಯಕ್ಕೆ ಸ್ವಲ್ಪ ಮುಂಚೆ ಕೂರಿಸಿದೆವು. ಮರುದಿನದ ದೃಶ್ಯದಲ್ಲಿ ಆ ಜಾಗಕ್ಕೆ ಹಳೆಯ ಕ್ಯಾಲೆಂಡರಿನ ರಟ್ಟು ಬಂದಿರುತ್ತದೆ, ಅಳತೆಗೆ ಸರಿಯಾಗಿ ಕತ್ತರಿಸಿದ್ದು.

ಬೀರುವಿನಲ್ಲಿದ್ದ ಮದ್ಯದ ಬಾಟಲಿಯನ್ನು ನಾನೇ ತೆಗೆಸಿದೆ. ಕುಡಿದವನೆಂದರೆ ನೋಡುವವರು ಬಾಟಲಿಯ ಮೇಲೆ ತಪ್ಪು ಹೊರಿಸಿ ನಿರಾಳರಾಗುತ್ತಾರೆ. ಸಿಗರೇಟಿಗೂ ಜಾಗವಿಲ್ಲ, ಇದ್ದಿದ್ದರೆ ತೆರೆಯ ಕೆಳಭಾಗದಲ್ಲಿ ಎಚ್ಚರಿಕೆಯ ಸಾಲು ಹಾಕಬೇಕಾಗಿ, ಇಡೀ ದೃಶ್ಯದ ಗಮನ ಅತ್ತ ಹೋಗುತ್ತಿತ್ತು.

ತಾಯಿಯ ಮುಂಗೈಯ ಪೆಟ್ಟಿನ ಕಲೆಯ ಬಣ್ಣಗಳನ್ನು ಬಾಗಿಲಿನ ಅವಸ್ಥೆಗಳಿಗೆ ಹೊಂದಿಸಿ ಒಂದು ಪಟ್ಟಿ ಮಾಡಿಕೊಂಡಿದ್ದೆವು. ಪೆಟ್ಟು ಬಿದ್ದ ಜಾಗ ಮೊದಲು ಕೆಂಪಗಿದ್ದು, ಒಂದೆರಡು ದಿನದಲ್ಲಿ ನೀಲಿ, ನೇರಳೆಯಾಗುತ್ತದೆ. ಚರ್ಮದಡಿ ಸೋರಿದ ರಕ್ತದ ಹಿಮೋಗ್ಲೋಬಿನ್ ಒಡೆಯುತ್ತ ಹೋದಂತೆ ಹಸಿರು, ಆಮೇಲೆ ಹಳದಿ ಬಂದು ಎರಡು ವಾರದ ಆಸುಪಾಸಿನಲ್ಲಿ ಮಾಸುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಬದಲಾಗುತ್ತದಾದರೂ ಕೆಂಪಿನ ಪಕ್ಕದಲ್ಲೇ ಹಳದಿ ಇದ್ದರೆ ಅದು ಒಂದೇ ರಾತ್ರಿಯದಲ್ಲ ಎಂದು ನೋಡುವವರಿಗೆ ಮಾತಿಲ್ಲದೆ ತಿಳಿಯುತ್ತದೆ. ಮೇಕಪ್ ಮಾಡುವವರು ಬಣ್ಣವನ್ನು ಒರಟು ಸ್ಪಂಜಿನಲ್ಲಿ ಒತ್ತಿ, ಅಂಚನ್ನು ಬೆರಳಿನಲ್ಲಿ ಕರಗಿಸಿದರು. ಕಾಣುವುದು ಮಾತ್ರ ಅವಳು ಕಾಫಿ ಲೋಟ ಕೊಡುವಾಗ ಸೆರಗು ಜಾರಿದಷ್ಟು ಹೊತ್ತು.

ಉಳಿದದ್ದು ಧ್ವನಿ. ಸಿಲ್ವರ್ ಓಕಿನ ಕದವನ್ನು ಬಡಿದರೆ ಟೊಮೆಟೊ ಪೆಟ್ಟಿಗೆಯ ಸದ್ದು ಬರುತ್ತದೆ, ಆದ್ದರಿಂದ ಚಿತ್ರದಲ್ಲಿ ಕೇಳುವ ಪ್ರತಿಯೊಂದು ಬಡಿತವೂ ಮನೆಯ ಹಳೆಯ ಹಲಸಿನ ಬಾಗಿಲಿನದು. ಮಾಲೀಕರ ಮಾತು ಮೀರದಂತೆ ದಪ್ಪ ಕಂಬಳಿ ಹೊದಿಸಿ, ಮರಳು ತುಂಬಿದ ಚೀಲದಿಂದ ತಟ್ಟಿದೆವು. ಬಾಗಿಲಿನ ಇನ್ನೊಂದು ಮೈಗೆ, ಮರದ ನಡುಕವನ್ನು ವಿದ್ಯುತ್ ಸಂಕೇತವಾಗಿಸುವ ಪೀಜೊ ಬಿಲ್ಲೆಯನ್ನು ಗಾಯದ ಟೇಪಿನಲ್ಲಿ ಅಂಟಿಸಿ, 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ದಾಖಲಿಸಿದೆವು. ಪೀಜೊವನ್ನು ನೇರವಾಗಿ ರೆಕಾರ್ಡರಿಗೆ ಕೊಟ್ಟರೆ ತಗ್ಗಿನ ಸ್ವರವೆಲ್ಲ ಹೋಗಿ ತಗಡಿನಂತೆ ಕೇಳುತ್ತದೆ, ನಡುವೆ ಸಂಕೇತವನ್ನು ಹಿಗ್ಗಿಸುವ, ಕನಿಷ್ಠ ಒಂದು ಮೆಗಾಓಮ್ ಇನ್‌ಪುಟ್ ಇರುವ ಪ್ರೀಆಂಪ್ ಬೇಕು. ಮರದ ಮೈಯಿಂದಲೇ ಸದ್ದು ಹಿಡಿಯುವುದರಿಂದ ಹೊರಗಿನ ಮಳೆ, ಕಪ್ಪೆ, ಜೀರುಂಡೆ ಯಾವುದೂ ಅದರಲ್ಲಿ ಬರಲಿಲ್ಲ. ಅವುಗಳನ್ನು ಬೇರೆ ಮೈಕಿನಲ್ಲಿ ತೆಗೆದು, ಬಡಿತ ನಿಂತ ಮೇಲೆ ಮಾತ್ರ ಬಳಸಿದೆವು. ಮುರಿತದ ಸದ್ದಿಗೆ ಒಣ ಬಿದಿರಿನ ಸೀಳು, ಕೊಂಡಿ ಕಿತ್ತುಬರುವುದಕ್ಕೆ ಹಳೆಯ ಕಿಟಕಿಯಿಂದ ನಿಜವಾಗಿಯೇ ಕಿತ್ತ ಮೊಳೆ.

ಕೊನೆಯ ದಿನ ಬೆಣೆಗಳನ್ನು ಬಿಡಿಸಿ ಚೌಕಟ್ಟನ್ನು ತೆಗೆದಾಗ ಹಳೆಯ ಮರದ ಮೇಲೆ ರಬ್ಬರಿನ ಮಾಸಲು ಗುರುತು ಬಿಟ್ಟರೆ ಏನೂ ಇರಲಿಲ್ಲ, ಅದೂ ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ ಮೇಲೆ ಹೋಯಿತು. ಎರಡನೆಯ ಅವಸ್ಥೆಯ ಹಲಗೆಗಳಲ್ಲಿ ಒಂದು ಮುರಿಯದೆ ಉಳಿದಿತ್ತು. ಆಚಾರ್ರು ಅದನ್ನು ತೆಗೆದುಕೊಂಡು ಹೋಗಿದ್ದಾರೆ. ಚಿತ್ರದ ಕೊನೆಯಲ್ಲಿ ಮಹಿಳಾ ಸಹಾಯವಾಣಿ 181ರ ಸಂಖ್ಯೆಯನ್ನು ಹತ್ತು ಸೆಕೆಂಡಾದರೂ ನಿಲ್ಲಿಸಬೇಕೆಂದು ಸಂಕಲನಕಾರರಿಗೆ ಬರೆದುಕೊಟ್ಟಿದ್ದೇನೆ. ಈಗ ಧ್ವನಿ ಮಿಶ್ರಣ ನಡೆಯುತ್ತಿದೆ, ಮೂರನೆಯ ರಿಪೇರಿಯ ದೃಶ್ಯದಲ್ಲಿ ಸ್ಯಾಂಡ್ ಪೇಪರ್ ಉಜ್ಜುವ ಸದ್ದನ್ನು ಇನ್ನಷ್ಟು ಹತ್ತಿರದಿಂದ ದಾಖಲಿಸಿ ಕೊಡಬೇಕಾಗಿದೆ.